ಮಟ್ಟು ಹಾಕಿದ ಕೋಗಿಲೆ

ಬನದ ಹುಣ್ಣಿಮೆಯಂದು ತೇರು ಎಳೆದಾದ ಮೇಲೂ ಬಾದಾಮಿ ಬಳಿಯ ಬನಶಂಕರಿ ಜಾತ್ರೆ ಮುಗಿಯುವುದಿಲ್ಲ. ಚೊಳಚಗುಡ್ಡದ ಬಯಲಿನಲ್ಲಿ ನಾಟಕ ಕಂಪನಿಗಳ ತಗಡಿನ ಥೇಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಇಳಕಲ್ಲ, ಹುನಗುಂದ, ಗುಳೇದಗುಡ್ಡ, ಬಾಗಲಕೋಟೆಗಳಿಂದ ಬಂದ ಮಂದಿ ದೇವಿಗೆ ಕಾಯಿ ಒಡೆಸಿ, ರೊಟ್ಟಿ ಬುತ್ತಿ ಬಿಚ್ಚಿ ಉಂಡು, ರಾತ್ರಿ ಆಟಕ್ಕೆ ಟಿಕೇಟು ಹಿಡಿಯುತ್ತಾರೆ. ಪರದೆ ಏಳುವ ಮುಂಚೆ ರಂಗದ ಮುಂದೆ ಕೂತ ಪೇಟಿ ಮಾಸ್ತರ ತಿದಿ ಒತ್ತಿ ಒಂದು ಸ್ವರ ಹಿಡಿಯುತ್ತಾನೆ, ತಬಲಾದವನ ಕಡೆ ಒಮ್ಮೆ ನೋಡುತ್ತಾನೆ. ಅಷ್ಟಾದರೆ ಸಾಕು, ಸಾವಿರ ಜನರ ಗದ್ದಲ ತಾನೇ ತಗ್ಗುತ್ತದೆ.

ಈ ಲೋಕದಲ್ಲಿ ‘ಸಂಗೀತ ಸಂಯೋಜನೆ’ ಎಂಬ ಮಾತು ಅಪರೂಪ. ಇಲ್ಲಿ ಹಾಡಿಗೆ ‘ಮಟ್ಟು ಹಾಕುತ್ತಾರೆ’. ಹಳೆಯ ನಾಟಕದ ಪುಸ್ತಕ ತೆರೆದರೆ ಹಾಡಿನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದರ ಮಟ್ಟು ಯಾವುದೆಂದು ಅಚ್ಚಾಗಿರುತ್ತದೆ. ಒಂದಕ್ಕೆ ದಾಸರ ಪದ, ಇನ್ನೊಂದಕ್ಕೆ ಮರಾಠಿ ರಂಗಗೀತೆ, ಮತ್ತೊಂದಕ್ಕೆ ಹಿಂದಿ ಸಿನಿಮಾ ಹಾಡು. ಮಟ್ಟುಗಳಿಗೆ ಭಾಷೆಯ ಗಡಿ ಇರಲಿಲ್ಲ, ಊರಿಂದೂರಿಗೆ ಅವು ಸಂತೆಯ ಸರಕಿನಷ್ಟೇ ಸಲೀಸಾಗಿ ಓಡಾಡುತ್ತಿದ್ದವು. ಮುಂಬಯಿಯಿಂದ ಬಂದ ಆ ಸಿನಿಮಾ ಮಟ್ಟುಗಳಲ್ಲಿ ಕೆಲವನ್ನು ಮೊದಲು ಹಾಡಿದ ಕೊರಳು ಇದೇ ಮಣ್ಣಿನದು ಎಂಬುದನ್ನು ಈ ಭಾಗದ ಹೊಸ ತಲೆಮಾರು ಹೆಚ್ಚುಕಡಿಮೆ ಮರೆತಿದೆ.

ಆಕೆಯ ಹೆಸರು ಅಮೀರ್‌ಬಾಯಿ ಕರ್ನಾಟಕಿ. ಊರು ಬೀಳಗಿ, ಬಾಗಲಕೋಟೆಯಿಂದ ಬಸ್ಸಿನಲ್ಲಿ ಗಂಟೆಯೊಳಗಿನ ಹಾದಿ. 1940ರ ದಶಕದ ಹಿಂದಿ ಚಿತ್ರಸಂಗೀತದಲ್ಲಿ ಈ ಹೆಸರು ಮೊದಲ ಸಾಲಿನದು. ನಟಿ, ಹಿನ್ನೆಲೆ ಗಾಯಕಿ ಎಂದು ಎಲ್ಲ ಪರಿಚಯಗಳೂ ಹೇಳುತ್ತವೆ, ‘ಕನ್ನಡ ಕೋಗಿಲೆ’ ಎಂಬ ಬಿರುದನ್ನೂ ಸೇರಿಸುತ್ತವೆ. ಬಿರುದಿನ ಹಿಂದಿನ ಪ್ರೀತಿ ದೊಡ್ಡದು. ಆದರೆ ಕೋಗಿಲೆ ಹುಟ್ಟಿನಿಂದ ಬಂದ ಹಾಡನ್ನು ಹಾಡುತ್ತದೆ, ಮಟ್ಟು ಹಾಕುವುದಿಲ್ಲ. ಅಮೀರ್‌ಬಾಯಿ ಹಾಕಿದರು. 1948ರ ‘ಶಹನಾಜ್’ ಚಿತ್ರದ ಸಂಗೀತ ನಿರ್ದೇಶಕಿ ಅವರೇ. ಪರಿಚಯಗಳಲ್ಲಿ ಈ ಸಂಗತಿ ಬಂದರೂ ಕೊನೆಯ ಸಾಲಿನಲ್ಲಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಅದನ್ನು ಮೊದಲ ಸಾಲಿಗೆ ತಂದು ನೋಡಿದರೆ ಅವರ ಇಡೀ ಬದುಕು ಬೇರೆ ರೀತಿ ಕಾಣುತ್ತದೆ.

ಅಮೀರ್‌ಬಾಯಿ ಹುಟ್ಟಿದಾಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ಬೀಳಗಿ ಆಗ ವಿಜಾಪುರ ಜಿಲ್ಲೆಯ ಊರು, ವಿಜಾಪುರ ಮುಂಬಯಿ ಪ್ರಾಂತದ ಜಿಲ್ಲೆ. ಮೈಸೂರು, ಬೆಂಗಳೂರು ಇಲ್ಲಿಯವರಿಗೆ ಬೇರೆ ರಾಜ್ಯದ ಊರುಗಳು. ಕೋರ್ಟು ಕಚೇರಿ, ಓದು, ವ್ಯಾಪಾರ, ಸಂಗೀತ ಎಲ್ಲದರ ಮುಖವೂ ಸೊಲ್ಲಾಪುರ, ಮಿರಜ, ಪುಣೆ, ಮುಂಬಯಿಗಳ ಕಡೆಗೆ. 1880ರ ದಶಕದಲ್ಲಿ ಗದಗದಿಂದ ಹೊಟಗಿಗೆ ಹಾಕಿದ ಮೀಟರ್ ಗೇಜ್ ಹಳಿ ಬಾದಾಮಿ, ಬಾಗಲಕೋಟೆ, ವಿಜಾಪುರಗಳನ್ನು ಒಂದೇ ದಾರಕ್ಕೆ ಪೋಣಿಸಿತ್ತು. ಹೊಟಗಿಯಲ್ಲಿ ಇಳಿದು ದೊಡ್ಡ ಗಾಡಿ ಹತ್ತಿದರೆ ಅದು ನೇರ ಮುಂಬಯಿಯ ದಾರಿ. ನಾಟಕ ಕಂಪನಿಗಳು ತಮ್ಮ ಪರದೆ, ಪೆಟ್ಟಿಗೆಗಳೊಂದಿಗೆ ಓಡಾಡಿದ್ದು ಇದೇ ಹಳಿಯ ಮೇಲೆ.

ಮರಾಠಿ ಸಂಗೀತ ನಾಟಕದ ಪಿತಾಮಹ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮರಾಠಿ ರಂಗಗೀತೆಗಳಲ್ಲಿ ಹಲವಕ್ಕೆ ಕನ್ನಡದ ಮಟ್ಟುಗಳೇ ಆಧಾರ. ಕೊಟ್ಟದ್ದಕ್ಕೆ ಬದಲಾಗಿ ಪಡೆದದ್ದೂ ಬಹಳ. ಮರಾಠಿ ಕಂಪನಿಗಳ ಬೆರಗಿನಿಂದಲೇ ಈ ಕಡೆಯ ಕನ್ನಡ ಕಂಪನಿಗಳು ಮೈಕೊಡವಿ ಎದ್ದವು. ಹುನಗುಂದ–ಇಳಕಲ್ಲ ಸೀಮೆಯ ಕಂದಗಲ್ಲದಿಂದ ಹನುಮಂತರಾಯರು ಬಂದರು, ‘ರಕ್ತರಾತ್ರಿ’ ಬರೆದರು, ಕರ್ನಾಟಕದ ಶೇಕ್ಸ್‌ಪಿಯರ್ ಎನ್ನಿಸಿಕೊಂಡರು. ಬಾದಾಮಿ ಹತ್ತಿರ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರ ಪಂಚಾಕ್ಷರ ಗವಾಯಿಗಳಂಥವರ ಬೆನ್ನಿಗೆ ನಿಂತಿತು. ಇನ್ನು ಪಂಡಿತರ ಮನೆಯ ಹೊರಗೆ ಕೇಳುವ ಸಂಗೀತಕ್ಕೂ ಬರವಿರಲಿಲ್ಲ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ, ಶ್ರಾವಣ ಬಂದರೆ ಗುಡಿಯಲ್ಲಿ ಭಜನೆ, ಸುಗ್ಗಿ ಮುಗಿದರೆ ಕೃಷ್ಣ ಪಾರಿಜಾತ. ರಿವಾಯತ್ ಹಾಡುವವರಲ್ಲಿ ಹಿಂದೂಗಳಿದ್ದರು, ಭಜನೆಗೆ ಪೇಟಿ ಹಿಡಿಯುವವರಲ್ಲಿ ಮುಸಲ್ಮಾನರಿದ್ದರು. ಬೀಳಗಿಯ ಮುಸ್ಲಿಂ ಕುಟುಂಬವೊಂದರ ಹೆಣ್ಣುಮಕ್ಕಳು ಮುಂದೆ ವೈಷ್ಣವ ಭಜನೆಯನ್ನೂ ಕವ್ವಾಲಿಯನ್ನೂ ಒಂದೇ ಭಾವದಲ್ಲಿ ಹಾಡಿದ್ದರಲ್ಲಿ ಅಚ್ಚರಿಯೇನೂ ಇಲ್ಲ. ಆ ಮಣ್ಣಿನ ವಾಡಿಕೆಯೇ ಅದು.

ಮುಂಬಯಿ ಕರ್ನಾಟಕದ ರಂಗಭೂಮಿ ಇನ್ನೊಂದು ವಿಷಯದಲ್ಲೂ ಮುಂದಿತ್ತು. ಬೇರೆಡೆ ಗಂಡಸರು ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲೇ ಇಲ್ಲಿ ಹೆಣ್ಣುಮಕ್ಕಳು ರಂಗಕ್ಕೆ ಬಂದಿದ್ದರು. ಗಂಗೂಬಾಯಿ ಗುಳೇದಗುಡ್ಡ ಅವರಂಥ ನಟಿಯರ ಹೆಸರು ಮನೆಮಾತಾಗಿತ್ತು. ಅಮೀರ್‌ಬಾಯಿಯ ಅಕ್ಕ ಗೋಹರ್‌ಬಾಯಿ ಕೂಡ ನಟಿ, ಗಾಯಕಿ. ಮರಾಠಿ ರಂಗದ ದಂತಕಥೆಯಾದ ಬಾಲಗಂಧರ್ವರ ಕಂಪನಿ ಸೇರಿ, ಕೊನೆಗೆ ಅವರ ಬಾಳಸಂಗಾತಿಯಾದವರು ಈಕೆಯೇ. ಸ್ತ್ರೀಪಾತ್ರದ ಚೆಲುವಿನಿಂದ ಇಡೀ ಮಹಾರಾಷ್ಟ್ರವನ್ನು ಮರುಳುಮಾಡಿದ ಗಂಡಸು ಆತ. ಆತನ ಕಂಪನಿಯ ರಂಗದ ಮೇಲೆ ನಾಯಕಿಯಾಗಿ ನಿಂತ ಹೆಣ್ಣು ಬೀಳಗಿಯವಳು.

ಅಕ್ಕನ ಕೈ ಹಿಡಿದೇ ತಂಗಿ ಸಿನಿಮಾಕ್ಕೆ ಬಂದದ್ದು. ಮೆಟ್ರಿಕ್ ಮುಗಿಸಿದ ಹುಡುಗಿ ಮುಂಬಯಿ ಸೇರಿದಳು. ಎಚ್‌ಎಂವಿ ಕಂಪನಿ ಆಕೆಯಿಂದ ಕವ್ವಾಲಿ ಹಾಡಿಸಿ ಗ್ರಾಮೊಫೋನ್ ತಟ್ಟೆ ತಂದಿತು. 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ಸಿಕ್ಕಿತು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದೂ ಅದೇ 1934ರಲ್ಲಿ, ಅದು ಚಿತ್ರಣಗೊಂಡದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಕನ್ನಡಕ್ಕೆ ಸ್ವಂತ ಸ್ಟುಡಿಯೊ ಇನ್ನೂ ಕನಸಾಗಿದ್ದ ಆ ಹೊತ್ತಿನಲ್ಲಿ ಉತ್ತರ ಕರ್ನಾಟಕದ ಪ್ರತಿಭೆಗೆ ಇದ್ದ ದಾರಿ ರೈಲಿನದೊಂದೇ. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಬಾಂಬೆ ಟಾಕೀಸಿನ ತಾರೆಯಾದರು. ಹುಬ್ಬಳ್ಳಿ ಬಳಿಯ ಅದರಗುಂಚಿಯ ಶಾಂತಾ ಹುಬ್ಳೀಕರ್ 1939ರ ‘ಮಾಣೂಸ್’ ಚಿತ್ರದಿಂದ ಪ್ರಭಾತ್ ಕಂಪನಿಯ ಹೆಮ್ಮೆಯಾದರು. ಇವರೆಲ್ಲ ಕನ್ನಡ ಮಾತಾಡುವ ಊರುಗಳಿಂದ ಹೋಗಿ ಹಿಂದಿ, ಮರಾಠಿ ಚಿತ್ರಚರಿತ್ರೆಯ ಪುಟಗಳಲ್ಲಿ ನೆಲೆಯಾದರು. ಕನ್ನಡ ಚಿತ್ರರಂಗದ ಚರಿತ್ರೆ ಬೆಂಗಳೂರು, ಮೈಸೂರು, ಮದ್ರಾಸುಗಳ ಸುತ್ತ ಬೆಳೆದದ್ದರಿಂದ ಅದರಲ್ಲಿ ಇವರಿಗೆ ಜಾಗ ಕಿರಿದಾಯಿತು. ಇದು ನಮ್ಮ ದೊಡ್ಡ ಲೋಪ.

ಅಮೀರ್‌ಬಾಯಿ ಮಾತ್ರ ಊರನ್ನು ಹೆಸರಿನಲ್ಲೇ ಹೊತ್ತು ನಡೆದರು. ‘ಕರ್ನಾಟಕಿ’ ಎಂಬ ಆ ಒಂದು ಪದ ತಟ್ಟೆಯ ಮೇಲೆ, ಚಿತ್ರದ ಜಾಹೀರಾತಿನಲ್ಲಿ, ರೇಡಿಯೊ ಉದ್ಘೋಷಕರ ಬಾಯಲ್ಲಿ ಲಾಹೋರಿನಿಂದ ಕಲ್ಕತ್ತೆಯ ತನಕ ಕೇಳಿತು. ಏಕೀಕರಣವಾಗಿ ಎಲ್ಲ ಕನ್ನಡಿಗರೂ ಒಂದಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಭೂಪಟದಲ್ಲಿ ಇಲ್ಲದ ನಾಡಿನ ಹೆಸರನ್ನು ಒಬ್ಬ ಹಾಡುಗಾರ್ತಿ ದೇಶಕ್ಕೆಲ್ಲ ಕೇಳಿಸಿದ್ದಳು.

ಮೊದಮೊದಲು ಹೆಸರು ಬೇಗ ಬರಲಿಲ್ಲ. 1940ರ ‘ನರಸೀ ಭಗತ್’ ಚಿತ್ರದ ಹಾಡುಗಳಿಂದ ಗಾಂಧೀಜಿಯ ಮೆಚ್ಚಿನ ನರಸಿ ಮೆಹತಾನ ಭಜನೆಯ ಜೊತೆ ಅವರ ದನಿ ಬೆಸೆದುಕೊಂಡಿತು. ಆದರೆ ದೇಶದ ಕಿವಿ ಪೂರ್ತಿ ಅವರತ್ತ ತಿರುಗಿದ್ದು 1943ರಲ್ಲಿ, ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂದಾಗ. ಜ್ಞಾನ್ ಮುಖರ್ಜಿ ನಿರ್ದೇಶನ, ಅಶೋಕ್ ಕುಮಾರ್ ನಾಯಕ, ಕವಿ ಪ್ರದೀಪ್ ಸಾಹಿತ್ಯ, ಅನಿಲ್ ಬಿಸ್ವಾಸ್ ಸಂಗೀತ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿದ ಚಿತ್ರವಿದು. ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರವೆಂಬ ಹೆಸರೂ ಇದಕ್ಕಿದೆ.

ಕಥೆಯ ನಾಯಕಿ ರಾಣಿ ಒಂದು ಕಾಲಕ್ಕೆ ರಂಗಮಂದಿರದ ತಾರೆ, ಈಗ ಕಾಲು ಊನವಾಗಿ ಹಾಡಿ ಬದುಕುವವಳು. ಪಾತ್ರ ಮಾಡಿದವರು ಮುಮ್ತಾಜ್ ಶಾಂತಿ, ದನಿ ಅಮೀರ್‌ಬಾಯಿಯದು. ರಂಗದ ಹಾಡುಗಾರ್ತಿಯ ಪಾತ್ರಕ್ಕೆ ರಂಗದ ನೆರಳಿನಲ್ಲೇ ಬೆಳೆದ ಕೊರಳು ಸಿಕ್ಕಿತು. ದೀಪಾವಳಿಯ ದಿನ ಊರ ಮನೆಮನೆಯಲ್ಲೂ ಬೆಳಕು, ತನ್ನ ಮನೆಯಲ್ಲಿ ಮಾತ್ರ ಕತ್ತಲು ಎಂದು ಆಕೆ ಹಾಡುವ ಹಾಡನ್ನು ಇಂದು ಕೇಳಿದರೂ ಒಂದು ಸಂಗತಿ ಕಿವಿಗೆ ತಾಗುತ್ತದೆ. ದುಃಖವನ್ನು ತೋರಿಸಲು ಅವರು ದನಿಯನ್ನು ನಡುಗಿಸುವುದಿಲ್ಲ. ಸಾಲನ್ನು ನೆಟ್ಟಗೆ ಎತ್ತಿ, ಕೊನೆಯ ಅಕ್ಷರದ ಹತ್ತಿರ ಬಂದಾಗ ಒಂದಿಷ್ಟು ಹಿಂದೆ ಸರಿಯುತ್ತಾರೆ. ಕಂಪನಿ ನಾಟಕದಲ್ಲಿ ಹಾಡಿ ಪಳಗಿದವರ ಲಕ್ಷಣವಿದು. ಹಿಂದಿನ ಬೆಂಚಿನವನಿಗೂ ಮಾತು ಸ್ಪಷ್ಟ ಕೇಳಬೇಕು, ಆಮೇಲೆ ಉಳಿದದ್ದು.

ಅದೇ ಚಿತ್ರದಲ್ಲಿ ಖಾನ್ ಮಸ್ತಾನಾ ಜೊತೆ ಅಮೀರ್‌ಬಾಯಿ ಹಾಡಿದ ಇನ್ನೊಂದು ಹಾಡು ಪರಕೀಯರನ್ನು ದೇಶ ಬಿಟ್ಟು ದೂರ ಸರಿಯಿರಿ ಎಂದು ಗದರುತ್ತದೆ. ಸಾಹಿತ್ಯದಲ್ಲಿ ಜರ್ಮನಿ, ಜಪಾನುಗಳ ಹೆಸರಿದ್ದದ್ದರಿಂದ ಬ್ರಿಟಿಷ್ ಸೆನ್ಸಾರಿನವರು ಅದನ್ನು ಯುದ್ಧದ ಪ್ರಚಾರಗೀತೆಯೆಂದು ಬಗೆದು ಬಿಟ್ಟುಕೊಟ್ಟರು. ಜನರಿಗೆ ಯಾರನ್ನು ಕುರಿತ ಹಾಡೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಚಲೇಜಾವ್ ಚಳವಳಿಯ ಬಿಸಿ ಆರಿರಲಿಲ್ಲ. ಆ ವರ್ಷದ ಏಪ್ರಿಲ್ 1ರಂದೇ ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವ ಗುಂಡಿಗೆ ಬಲಿಯಾದದ್ದು. ಟಾಕೀಸುಗಳಲ್ಲಿ ಆ ಹಾಡು ಬಂದಾಗ ರೀಲು ಹಿಂದಕ್ಕೆ ಸುತ್ತಿಸಿ ಮತ್ತೆ ಹಾಕಿಸುತ್ತಿದ್ದರಂತೆ. ನಾಟಕದ ‘ಒನ್ಸ್ ಮೋರ್’ ಸಿನಿಮಾಕ್ಕೆ ಬಂದದ್ದು ಹೀಗೆ.

ಮುಂದಿನ ನಾಲ್ಕೈದು ವರ್ಷ ಅಮೀರ್‌ಬಾಯಿಯದು. 1944ರಲ್ಲಿ ನೌಷಾದರ ‘ರತನ್’ ಬಂತು. ಜೊಹ್ರಾಬಾಯಿ ಅಂಬಾಲೇವಾಲಿ ಅವರ ಜೊತೆ ಅಮೀರ್‌ಬಾಯಿಯ ಹಾಡುಗಳೂ ಮನೆಮನೆ ಸೇರಿದವು. ಅದೇ ವರ್ಷ ಖೇಮಚಂದ್ ಪ್ರಕಾಶರ ‘ಭರ್ತೃಹರಿ’ಯಲ್ಲಿ ಸುರೇಂದ್ರ ಜೊತೆಗಿನ ಯುಗಳಗೀತೆ. ಸನ್ಯಾಸಿಯಾದ ರಾಜ ತನ್ನ ರಾಣಿಯ ಬಾಗಿಲಿಗೇ ಬಂದು, ಆಕೆಯನ್ನೇ ತಾಯಿ ಎಂದು ಕರೆದು ಭಿಕ್ಷೆ ಬೇಡುವ ಸನ್ನಿವೇಶ. ಅಲ್ಲಿ ರಾಣಿಯ ದನಿಯಲ್ಲಿ ಕೋಪ, ಅಳು, ನಂಬಲಾಗದ ಬೆರಗು ಮೂರೂ ಒಟ್ಟಿಗೆ ಬರುತ್ತವೆ. 1946ರ ‘ರಾಣಕದೇವಿ’ ಎಂಬ ಗುಜರಾತಿ ಚಿತ್ರದಲ್ಲಿ ಹಾಡಿದ ಕೃಷ್ಣನ ಹಾಡು ಗುಜರಾತಿನ ಜನಪದವೇ ಆಗಿಹೋಯಿತು. 1947ರಲ್ಲಿ ಸಿ. ರಾಮಚಂದ್ರರ ‘ಶಹನಾಯಿ’ಯಲ್ಲಿ ಢೋಲಕ್ಕಿನ ಏಟಿಗೆ ಕುಣಿಯುವ ಹಾಡು.

ಈ ಸಂಗೀತಗಾರರ ಊರುಗಳನ್ನು ಒಮ್ಮೆ ಜೋಡಿಸಿ ನೋಡಬೇಕು. ಅನಿಲ್ ಬಿಸ್ವಾಸ್ ಪೂರ್ವ ಬಂಗಾಳದ ಬಾರಿಸಾಲದವರು, ಕೀರ್ತನೆಯ ವೃಂದಗಾನ ಅವರ ರಕ್ತದಲ್ಲಿತ್ತು. ನೌಷಾದ್ ಲಖನೌದವರು, ಉತ್ತರ ಪ್ರದೇಶದ ಹಳ್ಳಿಹಾಡುಗಳನ್ನು ತಂದರು. ಖೇಮಚಂದ್ ಪ್ರಕಾಶ್ ರಾಜಸ್ಥಾನದ ಸುಜಾನಗಢದವರು. ಸಿ. ರಾಮಚಂದ್ರ ಅಹಮದನಗರ ಜಿಲ್ಲೆಯ ಪುಣತಾಂಬೆಯವರು. ನಾಲ್ಕು ದಿಕ್ಕಿನ ನಾಲ್ಕು ಮಟ್ಟುಗಾರರು. ಅವರೆಲ್ಲರ ಎದುರು ಕೂತು, ಅವರು ಪೇಟಿಯ ಮೇಲೆ ತೋರಿಸಿದ್ದನ್ನು ಒಂದೆರಡು ಸಲ ಕೇಳಿ ಕೊರಳಿಗಿಳಿಸಿಕೊಂಡ ಗಾಯಕಿಗೆ ಅದಕ್ಕಿಂತ ದೊಡ್ಡ ಸಂಗೀತ ಶಾಲೆ ಯಾವುದಿದ್ದೀತು? 1948ರ ಹೊತ್ತಿಗೆ ಮುಂಬಯಿಯಲ್ಲಿ ಮಟ್ಟು ಹಾಕುವ ವಿದ್ಯೆಯನ್ನು ಅಮೀರ್‌ಬಾಯಿಯಷ್ಟು ಹತ್ತಿರದಿಂದ, ಅಷ್ಟು ಬಗೆಯಲ್ಲಿ ಕಂಡವರು ಹೆಚ್ಚು ಮಂದಿ ಇರಲಿಕ್ಕಿಲ್ಲ.

ಆಗಿನ ಚಿತ್ರಕ್ಕೆ ಸಂಗೀತ ನೀಡುವುದೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ನಾಟಕದ ಹಾಡಿಗೆ ಗಡಿಯಾರ ಇರಲಿಲ್ಲ. ಜನ ಕೇಳಿದಷ್ಟು ಸಲ ಪಲ್ಲವಿಗೆ ಮರಳಬಹುದಿತ್ತು, ಆಲಾಪ ಬೆಳೆಸಬಹುದಿತ್ತು. ಸಿನಿಮಾ ಹಾಡು ತಟ್ಟೆಯ ಲೆಕ್ಕಕ್ಕೆ ಕೂಡಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ಆರಂಭದ ವಾದ್ಯಸಂಗೀತ, ಪಲ್ಲವಿ, ಎರಡು ಮೂರು ಚರಣ, ನಡುವೆ ವಾದ್ಯಗಳ ತುಣುಕು ಎಲ್ಲವೂ ಮುಗಿಯಬೇಕು. ಅರ್ಧ ಗಂಟೆಯ ರಾಗವನ್ನು ಹಿಂಡಿ ಅದರ ಸಾರವನ್ನಷ್ಟೇ ಒಂದು ಸಾಲಿನಲ್ಲಿ ನಿಲ್ಲಿಸುವವನು ಗೆಲ್ಲುತ್ತಿದ್ದ.

ಧ್ವನಿಮುದ್ರಣದ ಕೋಣೆಯಲ್ಲಿ ಈಗಿನ ಹಾಗೆ ತುಂಡುತುಂಡಾಗಿ ಹಾಡಿ ಅಂಟಿಸುವ ಅನುಕೂಲ ಇರಲಿಲ್ಲ. ಹಾಡುವವರು ಮೈಕಿನ ಹತ್ತಿರ, ಸಿತಾರು, ಪಿಟೀಲಿನವರು ಅವರ ಹಿಂದೆ, ಢೋಲಕ್ ಇನ್ನಷ್ಟು ದೂರ. ಯಾವ ವಾದ್ಯ ಎಷ್ಟು ಕೇಳಬೇಕೆಂಬುದು ಕುರ್ಚಿಯನ್ನು ಎಲ್ಲಿ ಹಾಕಿದ್ದಾರೆ ಎಂಬುದರ ಮೇಲೆ ನಿಂತಿತ್ತು. ಕೊನೆಯ ಚರಣದಲ್ಲಿ ಒಬ್ಬ ತಬಲಾದವ ತಾಳ ತಪ್ಪಿದರೂ ಎಲ್ಲರೂ ಮೊದಲಿನಿಂದ. ಸಂಗೀತ ನಿರ್ದೇಶಕ ಇಡೀ ಕೋಣೆಯ ಯಜಮಾನ. ಹತ್ತಾರು ವಾದ್ಯಗಾರರಿಗೆ ‘ಇಲ್ಲ, ಹೀಗಲ್ಲ, ಮತ್ತೆ ನುಡಿಸಿ’ ಎಂದು ಹೇಳುವ ಅಧಿಕಾರ ಆ ಒಬ್ಬರದು.

ಇಳಕಲ್ಲಿನ ನೇಕಾರರಿಗೆ ಈ ಕೆಲಸದ ಕಷ್ಟ ಬೇಗ ಅರ್ಥವಾದೀತು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ನೂಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆಯ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಸೇರಿಸಬೇಕು. ಸೇರಿಸಿದ ಗುರುತು ಉಟ್ಟವರಿಗೂ ಕಾಣಬಾರದು, ಎಳೆದರೆ ಬಿಚ್ಚಲೂಬಾರದು. 1940ರ ದಶಕದ ಮಟ್ಟುಗಾರರ ಮುಂದಿದ್ದದ್ದು ಇಂಥದೇ ಜೋಡಣೆ. ಒಂದು ಕಡೆ ಠುಮರಿ, ಭಜನೆ, ಹಳ್ಳಿಹಾಡಿನ ಒಡಲು. ಇನ್ನೊಂದು ಕಡೆ ಪಿಟೀಲು, ಕ್ಲಾರಿನೆಟ್, ಪಿಯಾನೊಗಳ ಮೆರುಗಿನ ಸೆರಗು.

ಇದನ್ನು ಹೆಂಗಸೊಬ್ಬರು ಮಾಡುವುದು ಆ ಕಾಲಕ್ಕೆ ಎಷ್ಟು ಅಪರೂಪವೆಂದರೆ ಹೆಸರುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. 1934ರಲ್ಲಿ ನಟಿ ಬಿಬ್ಬೊ ‘ಅದಲ್-ಎ-ಜಹಾಂಗೀರ್’ಗೆ ಸಂಗೀತ ನೀಡಿದರು. ಮರುವರ್ಷ ನರ್ಗೀಸರ ತಾಯಿ ಜದ್ದನ್‌ಬಾಯಿ ‘ತಲಾಶ್-ಎ-ಹಕ್’ಗೆ ನೀಡಿದರು. ಬಾಂಬೆ ಟಾಕೀಸಿನಲ್ಲಿ ಸರಸ್ವತೀದೇವಿ 1935ರ ‘ಜವಾನೀ ಕೀ ಹವಾ’ದಿಂದ ಮೊದಲುಗೊಂಡು ‘ಅಛೂತ್ ಕನ್ಯಾ’ ಸೇರಿ ಹಲವು ಚಿತ್ರಗಳ ಸಂಗೀತ ನಿರ್ದೇಶಕಿಯಾಗಿದ್ದರು. ಅವರ ನಿಜ ಹೆಸರು ಖುರ್ಷಿದ್, ಪಾರ್ಸಿ ಮನೆತನದವರು. ತಮ್ಮ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗುವುದನ್ನು ಸಮುದಾಯ ವಿರೋಧಿಸಿದ್ದರಿಂದ ಬಾಂಬೆ ಟಾಕೀಸಿನ ಹಿಮಾಂಶು ರಾಯ್ ಆಕೆಗೆ ಬೇರೆ ಹೆಸರಿಟ್ಟರು. ಜದ್ದನ್‌ಬಾಯಿಗೆ ಸಂಗೀತದ ಕುರ್ಚಿ ಸಿಕ್ಕಿ ಉಳಿದದ್ದು ಸ್ವಂತ ಸಂಗೀತ್ ಮೂವಿಟೋನ್ ಸಂಸ್ಥೆ ಕಟ್ಟಿದ್ದರಿಂದ. ಅಂದರೆ ಒಂದೋ ಸ್ವಂತ ಕಂಪನಿ ಇರಬೇಕು, ಇಲ್ಲವೋ ದೊಡ್ಡ ಸ್ಟುಡಿಯೊದ ಆಸರೆ ಇರಬೇಕು. ಆಗಷ್ಟೇ ಹೆಣ್ಣಿಗೆ ಆ ಯಜಮಾನಿಕೆ.

1948ರ ಹೊತ್ತಿಗೆ ಹಳೆಯ ಸ್ಟುಡಿಯೊಗಳ ಬುಡ ಅಲುಗಾಡುತ್ತಿತ್ತು. ದೇಶ ವಿಭಜನೆ ಮುಂಬಯಿ ಚಿತ್ರರಂಗವನ್ನೂ ಎರಡಾಗಿ ಸೀಳಿತ್ತು. ಹಾಡುವ ನಟಿಯರಲ್ಲಿ ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು, ಖುರ್ಷೀದ್ ಬಾನು ಹೋದರು. ಗಾಯಕ, ನಟ ಸೈಗಲ್ 1947ರ ಜನವರಿಯಲ್ಲೇ ತೀರಿಕೊಂಡಿದ್ದರು. ಹಳಬರು ಚದುರಿ, ಹೊಸಬರಿನ್ನೂ ನೆಲೆ ನಿಲ್ಲದ ಅಂಥ ಹೊತ್ತಿನಲ್ಲಿ ಅಮೀರ್‌ಬಾಯಿ ‘ಶಹನಾಜ್’ಗೆ ಸಂಗೀತ ನಿರ್ದೇಶನ ಮಾಡಿದರು. ಹಾಡುಗಾರ್ತಿಯೊಬ್ಬಳು ಮೈಕಿನ ಮುಂದಿನಿಂದ ಎದ್ದು ಪೇಟಿಯ ಹಿಂದೆ ಹೋಗಿ ಕೂತದ್ದು ಸಣ್ಣ ಮಾತಲ್ಲ. ಆ ದೂರ ನಾಲ್ಕು ಹೆಜ್ಜೆಯದೇ ಇರಬಹುದು, ಅಷ್ಟನ್ನು ನಡೆಯಲು ಹಿಂದಿ ಚಿತ್ರರಂಗದ ಮುಂದಿನ ಪೀಳಿಗೆಯ ಹೆಣ್ಣುಮಕ್ಕಳಲ್ಲೂ ಎಲ್ಲೋ ಕೆಲವರಿಗಷ್ಟೇ ಸಾಧ್ಯವಾಯಿತು. ಉಷಾ ಖನ್ನಾ ‘ದಿಲ್ ದೇಕೆ ದೇಖೊ’ದಿಂದ ಹೆಸರು ಮಾಡುವ ಹೊತ್ತಿಗೆ 1959 ಆಗಿತ್ತು.

ಆದರೆ 1948 ಇನ್ನೊಂದು ಕಾರಣಕ್ಕೂ ತಿರುವಿನ ವರ್ಷ. ಗುಲಾಮ್ ಹೈದರರ ‘ಮಜಬೂರ್’ ಬಂದದ್ದು ಆ ವರ್ಷವೇ, ಅದರಲ್ಲಿ ಹಾಡಿದ ತೆಳ್ಳನೆಯ ದನಿಯ ಹುಡುಗಿ ಲತಾ ಮಂಗೇಶ್ಕರ್. 1949ರಲ್ಲಿ ‘ಮಹಲ್’, ‘ಅಂದಾಜ್’, ‘ಬರಸಾತ್’ ಮೂರೂ ಬಂದವು. ಒಂದೇ ವರ್ಷದಲ್ಲಿ ದೇಶದ ಕಿವಿ ಬದಲಾಯಿತು. ಇದನ್ನು ಒಬ್ಬರು ಇನ್ನೊಬ್ಬರನ್ನು ಸೋಲಿಸಿದ ಕಥೆಯಾಗಿ ಹೇಳುವುದು ಸುಲಭ, ಆದರೆ ಸರಿಯಲ್ಲ. ಬದಲಾದದ್ದು ಮೈಕು. ಅಮೀರ್‌ಬಾಯಿ, ಜೊಹ್ರಾಬಾಯಿ, ಶಂಶಾದ್ ಬೇಗಂ ಪೀಳಿಗೆಯ ದನಿಗಳಿಗೆ ಬೈಠಕ್ಕಿನ, ಬಯಲಿನ ಮೈಕಟ್ಟು. ಮೈಕಿಲ್ಲದೆ ನೂರಾರು ಜನರನ್ನು ಮುಟ್ಟಬೇಕಾದ ಹಾಡಿಕೆಯ ವಾರಸುದಾರರು ಅವರು. ಗಂಟಲಿನಲ್ಲಿ ತೂಕ, ಮೂಗಿನಲ್ಲಿ ಕೊಂಚ ಮೊನಚು ಇರಲೇಬೇಕಿತ್ತು. ಧ್ವನಿಮುದ್ರಣದ ಯಂತ್ರಗಳು ಸುಧಾರಿಸಿದಂತೆ ಪಿಸುಮಾತೂ ತಟ್ಟೆಯಲ್ಲಿ ನಿಲ್ಲತೊಡಗಿತು. ಪಿಸುಮಾತಿಗೆ ಹೊಂದುವ ದನಿ ಬೇಕಾಯಿತು, ಮತ್ತು ಆ ದನಿ ತಯಾರಾಗಿ ನಿಂತಿತ್ತು.

ಈ ಕಥೆಯಲ್ಲಿ ಇನ್ನೊಬ್ಬ ‘ಕರ್ನಾಟಕಿ’ ಇದ್ದಾರೆ. ತಂದೆಯನ್ನು ಕಳೆದುಕೊಂಡ ಎಳೆಯ ಲತಾಗೆ 1942ರಲ್ಲಿ ಕೆಲಸ ಕೊಟ್ಟು ಕುಟುಂಬಕ್ಕೆ ಆಸರೆಯಾದವರು ಕೊಲ್ಲಾಪುರದ ನಟ, ನಿರ್ದೇಶಕ ಮಾಸ್ಟರ್ ವಿನಾಯಕ್. ಅವರ ಪೂರ್ಣ ಹೆಸರು ವಿನಾಯಕ ದಾಮೋದರ ಕರ್ನಾಟಕಿ.

1950ರ ‘ಸಮಾಧಿ’ ಚಿತ್ರಕ್ಕೆ ಬಂದರೆ ದನಿಗಳ ಈ ಪಲ್ಲಟ ಒಂದೇ ಹಾಡಿನಲ್ಲಿ ಕೇಳುತ್ತದೆ. ನಾಯಕ ‘ಕಿಸ್ಮತ್’ನ ಅದೇ ಅಶೋಕ್ ಕುಮಾರ್. ಏಳು ವರ್ಷದ ಹಿಂದೆ ಅವರ ನಾಯಕಿಯ ದನಿಯಾಗಿದ್ದವರು ಅಮೀರ್‌ಬಾಯಿ. ಈಗ ನಾಯಕಿ ನಳಿನಿ ಜಯವಂತರಿಗೆ ಲತಾ ದನಿ, ಜೊತೆಯ ಕುಲದೀಪ್ ಕೌರ್‌ಗೆ ಅಮೀರ್‌ಬಾಯಿಯದು. ‘ಗೋರೆ ಗೋರೆ’ ಎಂದು ಹೆಸರಾದ ಆ ಹಾಡಿನ ಮಟ್ಟನ್ನು ಸಿ. ರಾಮಚಂದ್ರರು ತಂದದ್ದು 1945ರ ಹಾಲಿವುಡ್ ಚಿತ್ರ ‘ಡಾಲ್ ಫೇಸ್’ನಲ್ಲಿ ಕಾರ್ಮೆನ್ ಮಿರಾಂಡಾ ಹಾಡಿದ ಹಾಡೊಂದರಿಂದ. ದೇಶದೇಶ ಸುತ್ತುವುದು ಮಟ್ಟಿನ ಹಳೆಯ ಚಾಳಿ. ಹಾಡಿನಲ್ಲಿ ಹುಡುಗಿಯ ಕರೆ ಲತಾರದು, ಹುಡುಗನ ಮರುಮಾತು ಅಮೀರ್‌ಬಾಯಿಯದು. ದುಂಡನೆಯ ಆ ಘನ ದನಿ ಈಗ ಹುಡುಗನ ಪಾತ್ರಕ್ಕೆ ಒಗ್ಗಿತ್ತು. ಅಕ್ಕನ ಸಂಗಾತಿ ಹೆಣ್ಣಾಗಿ ಹಾಡಿ ಮೆರೆದ ಗಂಡಸು, ತಂಗಿ ಇಲ್ಲಿ ಗಂಡಾಗಿ ಹಾಡಿದ ಹೆಂಗಸು. ಹಾಡಿನಲ್ಲಿ ಅವರು ಎಳ್ಳಷ್ಟೂ ಬಳಲಿದಂತೆ ಕೇಳುವುದಿಲ್ಲ. ಲತಾರ ಸಾಲು ತೇಲಿ ಬಂದರೆ ಅಮೀರ್‌ಬಾಯಿಯ ಉತ್ತರ ನೆಲಕ್ಕೆ ಕಾಲೂರಿ ನಿಲ್ಲುತ್ತದೆ. ಎರಡೂ ಬೇಕು ಎಂದು ಮಟ್ಟುಗಾರನಿಗೆ ಗೊತ್ತಿತ್ತು, ಅದಕ್ಕೇ ಹಾಡು ಇಂದಿಗೂ ಚುರುಕಾಗಿದೆ.

ಹಾಡುವ ಅವಕಾಶಗಳು ಇಳಿಮುಖವಾದ ಮೇಲೆ ಅಮೀರ್‌ಬಾಯಿ ಮತ್ತೆ ನಟನೆಗೆ ಮರಳಿ ಪೋಷಕ ಪಾತ್ರಗಳನ್ನು ಮಾಡಿದರು. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು. ದೇಹ ವಿಜಾಪುರದ ಮಣ್ಣಿಗೆ ಮರಳಿತು. ಆ ಊರಿನ ಅಮೀರ್ ಟಾಕೀಸು ಅವರ ಹೆಸರನ್ನು ಬೀದಿಯ ಬಾಯಲ್ಲಿ ಉಳಿಸಿತು. ಸಿನಿಮಾ ನೋಡಲು ಹೋದ ಎಷ್ಟೋ ಮಂದಿಗೆ ಅಮೀರ್ ಎಂದರೆ ಯಾರು ಎಂಬುದು ಗೊತ್ತಿರಲಿಲ್ಲ, ಆದರೂ ಹೆಸರು ನಿತ್ಯ ನಾಲಿಗೆಯ ಮೇಲಿತ್ತು. ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರವೂ ಅದೇ ಊರಿನಲ್ಲಿದೆ.

ಉಳಿದ ನೆನಪನ್ನು ಕಾಪಾಡಿದ್ದು ರೇಡಿಯೊ ಮತ್ತು ಒಂದು ಪುಸ್ತಕ. ಬೆಳಗಿನ ಹೊತ್ತು ಹಳೆಯ ಹಿಂದಿ ಹಾಡುಗಳನ್ನು ಹಾಕುತ್ತಿದ್ದ ರೇಡಿಯೊ ಸಿಲೋನ್ ಕೇಳುತ್ತಿದ್ದ ಮನೆಗಳು ಈ ಭಾಗದಲ್ಲೂ ಸಾಕಷ್ಟಿದ್ದವು. ಬೀಳಗಿಯ ದನಿ ಮುಂಬಯಿಗೆ ಹೋಗಿ, ಕೊಲಂಬೊದಿಂದ ತಿರುಗಿ ಬಂದು ಬಾಗಲಕೋಟೆಯ ಪಡಸಾಲೆಯಲ್ಲಿ ಕೇಳುತ್ತಿತ್ತು. ಪುಸ್ತಕ ರಹಮತ್ ತರೀಕೆರೆಯವರದು. ಕರ್ನಾಟಕದ ಸೂಫಿಗಳನ್ನೂ ಮೊಹರಮ್ಮನ್ನೂ ಊರೂರು ಅಲೆದು ದಾಖಲಿಸಿದ ಅವರು ಅಮೀರ್‌ಬಾಯಿಯ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಅಕ್ಕತಂಗಿಯರ ಬದುಕನ್ನು ರಂಗಭೂಮಿ, ತಟ್ಟೆ, ಸಿನಿಮಾ ಮೂರರ ನಡುವೆ ಇಟ್ಟು ನೋಡಬೇಕೆನ್ನುವವರು ಅಲ್ಲಿಂದಲೇ ಶುರುಮಾಡಬೇಕು.

ಮುಂದಿನ ಬನಶಂಕರಿ ಜಾತ್ರೆಗೆ ಹೋಗುವವರು ಹಾದಿಯಲ್ಲಿ ಮೊಬೈಲಿನಲ್ಲಿ ಮೂರು ಹಾಡು ಹಾಕಿಕೊಳ್ಳಬಹುದು: ‘ಕಿಸ್ಮತ್’ನ ದೀಪಾವಳಿ ಹಾಡು, ‘ಭರ್ತೃಹರಿ’ಯ ಯುಗಳಗೀತೆ, ‘ಸಮಾಧಿ’ಯ ‘ಗೋರೆ ಗೋರೆ’. ಮೂರೂ ಸೇರಿ ಹತ್ತು ನಿಮಿಷದ ಆಸುಪಾಸು. ಕೇಳುತ್ತ ಹೋದರೆ ಬಾಗಲಕೋಟೆಯಿಂದ ಹೊರಟ ಬಸ್ಸು ಗುಳೇದಗುಡ್ಡದ ಫಾಟಾ ಮುಟ್ಟುವ ಮೊದಲೇ ಮುಗಿಯುತ್ತವೆ. ರಾತ್ರಿ ಆಟ ಮುಗಿದ ಮೇಲೆ ಪೇಟಿ ಮಾಸ್ತರನ ಹತ್ತಿರ ಹೋಗಿ ಅಮೀರ್‌ಬಾಯಿಯ ಹೆಸರು ಹೇಳಿ ನೋಡಿ. ಮಟ್ಟು ಗೊತ್ತಿದ್ದರೆ ಅಲ್ಲೇ ತಿದಿ ಒತ್ತಿ ನುಡಿಸಿಯಾನು.